ಮೀಯುವುದು ಒಮ್ಮೆ, ಕಾಲು ತೊಳೆಯುವುದು ಮತ್ತೆ ಮತ್ತೆ

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಂಥ ಕ್ಯಾಥೊಲಿಕ್ ಚರ್ಚಿಗೆ ಬರುವ ಭಕ್ತರು ಬಾಗಿಲ ಬಳಿಯ ಪವಿತ್ರ ಜಲದಲ್ಲಿ ಬೆರಳದ್ದಿ, ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ನಡೆಯುತ್ತಾರೆ. ಗುಡಿಯ ಹೊರಗೆ ಕೈಕಾಲು ತೊಳೆಯುವುದರ ಕ್ರೈಸ್ತ ರೂಪ ಇದೆಂದು ನೋಡಿದವರಿಗೆ ಅನ್ನಿಸಿದರೆ ಅದು ಅರ್ಧ ನಿಜ. ಆ ಹನಿ ನೀರು ಅಂದಿನ ಮೈಲಿಗೆಯನ್ನು ಕಳೆಯುವುದಕ್ಕಿಂತ ಹೆಚ್ಚಾಗಿ, ಹಲವರ ಪಾಲಿಗೆ ಹಸುಗೂಸಾಗಿದ್ದಾಗಲೇ ಮುಗಿದುಹೋದ ದೀಕ್ಷಾಸ್ನಾನವನ್ನು, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಮ್ಮನ್ನು, ನೆನಪಿಸುತ್ತದೆ.

ಯೇಸುವಿನ ಕಾಲದ ಯೆಹೂದ್ಯರಲ್ಲಿ ಶುದ್ಧಿಸ್ನಾನವು ಪದೇ ಪದೇ ನಡೆಯುತ್ತಿತ್ತು. ಹೆಣ ಮುಟ್ಟಿದವರಿಗೂ ದೇವಾಲಯಕ್ಕೆ ಹೋಗುವವರಿಗೂ ಅದು ಬೇಕಿತ್ತು, ಅದಕ್ಕೆಂದೇ ಮಿಕ್ವೆ ಎಂಬ ಕೊಳಗಳಿದ್ದವು. ಯೊರ್ದನ್ ಹೊಳೆಯಲ್ಲಿ ಸ್ನಾನಿಕ ಯೋಹಾನನು ಅದೇ ನೀರಿಗೆ ಪಶ್ಚಾತ್ತಾಪದ ಅರ್ಥ ಕೊಟ್ಟನು. ಯೇಸುವಿನ ಪ್ರೇಷಿತನಾದ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಮತ್ತೂ ಮುಂದೆ ಹೋಗಿ, ನೀರಿನಲ್ಲಿ ಮುಳುಗುವುದೆಂದರೆ ಕ್ರಿಸ್ತನೊಂದಿಗೆ ಹೂಳಲ್ಪಡುವುದು, ಮೇಲೇಳುವುದೆಂದರೆ ಹೊಸ ಬದುಕಿಗೆ ಏಳುವುದು ಎಂದನು. ತೊಳೆಯುವುದು ನಿತ್ಯದ ಕೆಲಸ, ಸಾವಾದರೋ ಒಮ್ಮೆ ಬರುವಂಥದು. ಹಾಗಾಗಿ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸ ಪ್ರಮಾಣವು ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಒಂದೇ ಎಂದು ಸಾರಿತು.

ತೊಡಕು ಹುಟ್ಟಿದ್ದೂ ಅಲ್ಲೇ. ಮಿಂದ ಮೇಲೆ ಮಾಡಿದ ಪಾಪಕ್ಕೆ ಏನು ಗತಿ? ಹಲವರು ಸ್ನಾನವನ್ನೇ ಮುಂದೂಡಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ನೀರಿನ ಪ್ರಮಾಣದ ವಿಷಯದಲ್ಲಿ ಮಾತ್ರ ಮೊದಲಿನವರು ಉದಾರಿಗಳಾಗಿದ್ದರು. ಆದಿ ಸಭೆಯ ಕೈಪಿಡಿಯಾದ ದಿದಾಖೆಯ ಪ್ರಕಾರ ಹರಿಯುವ ನೀರು ಉತ್ತಮ, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರಾಯಿತು. ಆದರೆ 1525ರಲ್ಲಿ ಜ್ಯೂರಿಕ್‌ನ ಕೆಲವರು, ಕೂಸಿಗೆ ಕೊಟ್ಟದ್ದು ಸ್ನಾನವೇ ಅಲ್ಲವೆಂದು ದೊಡ್ಡವರಾದ ಮೇಲೆ ಮತ್ತೆ ದೀಕ್ಷೆ ಪಡೆದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿನ ತಪ್ಪಿಗೆ ನೀರಿನದೇ ಶಿಕ್ಷೆ ಎಂಬ ಆ ಕ್ರೂರ ವ್ಯಂಗ್ಯ ನಗರಸಭೆಯವರಿಗೆ ಹೊಳೆಯದೆ ಇದ್ದಿರಲಾರದು.

ಆ ಜಗಳದ ಎಳೆ ಬೆಂಗಳೂರಿನಲ್ಲೂ ಇದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ ಸೇರಿದ ಹಡ್ಸನ್ ಚರ್ಚಿನಂಥ ಕಡೆಗಳಲ್ಲಿ ಶಿಶುಗಳಿಗೂ ದೀಕ್ಷಾಸ್ನಾನವುಂಟು. ಬ್ಯಾಪ್ಟಿಸ್ಟ್ ಮತ್ತು ಪೆಂತೆಕೊಸ್ತ್ ಸಭೆಗಳು ನಂಬಿಕೆಯನ್ನು ತಾವೇ ಅರಿಕೆಮಾಡಿದವರನ್ನು ಮಾತ್ರ ತೊಟ್ಟಿಯಲ್ಲಿ ಮುಳುಗಿಸಿ ಏಳಿಸುತ್ತವೆ. ಒಂದೇ ಮನೆಯ ಮಗಳು ಸಭೆ ಬದಲಿಸಿ ಮತ್ತೆ ನೀರಿಗಿಳಿದರೆ, ತಾಯಿಗೆ ಅದು ಎರಡನೆಯ ಸ್ನಾನ, ಮಗಳಿಗೆ ಮೊದಲನೆಯದು. ಕನ್ನಡದ ಪದ ಇಬ್ಬರಿಗೂ ಒದಗುತ್ತದೆ: ತಾಯಿ ‘ದೀಕ್ಷೆ’ಯನ್ನು ಒತ್ತಿ ಹೇಳಿದರೆ ಮಗಳು ‘ಸ್ನಾನ’ವನ್ನು ಒತ್ತಿ ಹೇಳುತ್ತಾಳೆ.

ಒಮ್ಮೆ ಆದದ್ದು ಮತ್ತು ಮತ್ತೆ ಮತ್ತೆ ಬೇಕಾದದ್ದು, ಇವೆರಡರ ನಂಟನ್ನು ಬೈಬಲಿನ ಯೋಹಾನನ ಸುವಾರ್ತೆಯ (ಈತ ಸ್ನಾನಿಕ ಯೋಹಾನನಲ್ಲ) 13ನೇ ಅಧ್ಯಾಯ ಬಿಡಿಸಿಡುತ್ತದೆ. ಅಲ್ಲಿ ಯೇಸು ತನ್ನ ಶಿಷ್ಯರ ಕಾಲು ತೊಳೆಯುತ್ತಾನೆ. ಕಾಲಷ್ಟೇ ಅಲ್ಲ, ಕೈ ತಲೆಗಳನ್ನೂ ತೊಳೆಯೆಂದು ಶಿಷ್ಯ ಪೇತ್ರನು ಕೇಳಿದಾಗ, ಮಿಂದವನಿಗೆ ಕಾಲು ತೊಳೆದರೆ ಸಾಕೆಂದು ಯೇಸು ಹೇಳುತ್ತಾನೆ. ಅದು ಆಳಿನ ಕೆಲಸ. ಗುರುವೇ ಸೊಂಟಕ್ಕೆ ಟವೆಲು ಸುತ್ತಿ ಬಗ್ಗಿದ್ದರಿಂದ ಶುದ್ಧಿಯ ಜೊತೆಗೆ ಸೇವೆಯ ಅರ್ಥವೂ ಅಂಟಿಕೊಂಡಿತು. ಬಹುಕಾಲ ಬಿಷಪರ ಪೀಠ ಚರ್ಚುಗಳಲ್ಲೂ ಮಠಗಳಲ್ಲೂ ಉಳಿದಿದ್ದ ಕಾಲು ತೊಳೆಯುವ ಈ ಆಚರಣೆಗೆ ಕ್ಯಾಥೊಲಿಕರ ಪವಿತ್ರ ಗುರುವಾರದ (ಶುಭ ಶುಕ್ರವಾರದ ಹಿಂದಿನ ದಿನ) ಸಂಜೆಯ ಬಲಿಪೂಜೆಯಲ್ಲಿ ಜಾಗ ಸಿಕ್ಕಿದ್ದು 1955ರ ಸುಧಾರಣೆಯಿಂದ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹುಡುಗಿಯರ ಕಾಲುಗಳನ್ನೂ ತೊಳೆದರು. ಗಂಡಸರಿಗೆ ಮಾತ್ರ ಎಂಬ ನಿಯಮ 2016ರಲ್ಲಿ ಬದಲಾಯಿತು.

ಆ ಸಂಜೆ ಇಲ್ಲಿನ ಚರ್ಚುಗಳಲ್ಲೂ ಆಯ್ದ ಹನ್ನೆರಡು ಮಂದಿ ಸಾಲಾಗಿ ಕೂರುತ್ತಾರೆ, ಗುರುಗಳು ಬೇಸಿನ್ ಹಿಡಿದು ಮಂಡಿಯೂರುತ್ತಾರೆ. ಕೂತವರು ಬಹುಪಾಲು ಮನೆಯಲ್ಲೇ ಹಿಮ್ಮಡಿಯನ್ನು ಚೆನ್ನಾಗಿ ಉಜ್ಜಿ ತೊಳೆದುಕೊಂಡೇ ಬಂದಿರುತ್ತಾರೆ.