ಡಿಕಾಕ್ಷನ್‌ಗೆ ಚಿಟಿಕೆ ಉಪ್ಪು: ಎಷ್ಟು, ಯಾವಾಗ

ಕಾಫಿ ಕಹಿ ಎಂದ ಕೂಡಲೇ ಕೈ ಹೋಗುವುದು ಸಕ್ಕರೆ ಡಬ್ಬಿಗೆ. ಪಕ್ಕದ ಉಪ್ಪಿನ ಡಬ್ಬಿಗೆ ಹೋದರೆ ಕೆಲಸ ಬೇಗ ಆಗುತ್ತದೆ. ಉಪ್ಪಿನ ಸೋಡಿಯಂ, ನಾಲಿಗೆಗೆ ಕಹಿ ತಿಳಿಯುವುದನ್ನೇ ತಗ್ಗಿಸುತ್ತದೆ. ಹಾಗಲಕಾಯಿಗೆ ಉಪ್ಪು ಸವರಿಡುವವರಿಗೆ ಇದರಲ್ಲಿ ಹೊಸದೇನಿಲ್ಲ ಅನ್ನಿಸಬಹುದು. ಆದರೆ ಅಲ್ಲಿ ಉಪ್ಪು ರಸವನ್ನೇ ಹೊರಗೆಳೆಯುತ್ತದೆ, ಅದರ ಜೊತೆ ಕಹಿಯೂ ಹರಿದು ಹೋಗುತ್ತದೆ. ಲೋಟದೊಳಗಿನ ಕಹಿ ಎಲ್ಲಿಗೂ ಹೋಗುವುದಿಲ್ಲ, ನಾಲಿಗೆಗೆ ಮರೆಯಾಗುತ್ತದೆ ಅಷ್ಟೆ.

ಎಡವುವುದು ಅಳತೆಯಲ್ಲಿ. ಲೋಟಕ್ಕೊಂದು ಚಿಟಿಕೆ ಹಾಕಿದರೆ ಕಾಫಿ ಸಾರಾಗುತ್ತದೆ. ನಾಲ್ಕು ಲೋಟಕ್ಕೆ ಆಗುವ ಡಿಕಾಕ್ಷನ್‌ಗೆ ಎರಡು ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಡಿ ಉಪ್ಪು, ಅಂದರೆ ಸುಮಾರು 0.2 ಗ್ರಾಂ, ಸಾಕು. ಕಲ್ಲುಪ್ಪಿನ ಹರಳು ಬೇಡ, ಒಂದೊಂದು ಒಂದೊಂದು ತೂಕ. ನಿಖರ ಬೇಕಿದ್ದರೆ 5 ಗ್ರಾಂ ಉಪ್ಪನ್ನು 45 ಮಿಲಿ ನೀರಿನಲ್ಲಿ ಕರಗಿಸಿ, ಡ್ರಾಪರ್ ಇರುವ ಸೀಸೆಯಲ್ಲಿಡಿ. ಒಂದು ಲೋಟಕ್ಕೆ 8ರಿಂದ 10 ಹನಿ. ಉಪ್ಪಿನ ರುಚಿ ಗೊತ್ತಾಯಿತೆಂದರೆ ಮಿತಿ ಮೀರಿತು ಎಂದೇ ಅರ್ಥ. ಉಪ್ಪು ಸೇರಬೇಕಾದ್ದು ಇಳಿದ ಡಿಕಾಕ್ಷನ್‌ಗೆ, ಹಾಲು ಬೆರೆಸುವ ಮೊದಲು. ಇಷ್ಟು ಉಪ್ಪಿಗೆ ಹಾಲು ಒಡೆಯುವುದಿಲ್ಲ (ಬೆಲ್ಲದ ಕಾಫಿ ಒಡೆಯುವುದು ಬೇರೆ ಕಾರಣಕ್ಕೆ). ಬಿಪಿ ಇದ್ದು ಉಪ್ಪು ಬಿಡಿ ಎಂದು ಡಾಕ್ಟರ್ ಹೇಳಿದ್ದರೆ ಈ 0.2 ಗ್ರಾಮನ್ನೂ ದಿನದ ಲೆಕ್ಕಕ್ಕೆ ಹಿಡಿಯಿರಿ.

ಉಪ್ಪಿಗೆ ಬಗ್ಗದ ದೋಷಗಳೂ ಇವೆ. ನಾಲಿಗೆ ಒಣಗಿ ಹಿಡಿದಂತಾಗುವ ಒಗರು ಕಹಿಯಲ್ಲ, ಅದಕ್ಕೆ ಉಪ್ಪು ಹೆಚ್ಚೇನೂ ಮಾಡದು. ನಿನ್ನೆಯ ಡಿಕಾಕ್ಷನ್ ಮತ್ತೆ ಕುದಿಸಿದಾಗ ಬರುವ ಕಟುವಾಸನೆಗೂ ಅಷ್ಟೆ. ಡಿಕಾಕ್ಷನ್ ಕುದಿಸಲೇಬೇಡಿ, ಕುದಿಯುವ ಹಾಲಿನ ಬಿಸಿಯೇ ಸಾಕು.

ಕೋಲಾರ, ಚಿಕ್ಕಬಳ್ಳಾಪುರ ಕಡೆ ಪುಡಿಯನ್ನು ಬೈಯುವ ಮೊದಲು ನೀರನ್ನು ನೋಡಬೇಕು. ಆಳದ ಬೋರ್‌ವೆಲ್ ನೀರು ಗಡಸು. ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್, ಕಾಫಿಯ ಹಿತವಾದ ಹುಳಿಯನ್ನು ತಿಂದುಹಾಕುತ್ತದೆ. ಹುಳಿ ಹೋದ ಮೇಲೆ ಕಹಿಗೆ ಎದುರಾಳಿಯೇ ಇಲ್ಲ, ರುಚಿ ಚಪ್ಪೆ. ಮನೆಗೆ ಸಾಫ್ಟ್‌ನರ್ (ಗಡಸು ನೀರನ್ನು ಮೆದುಗೊಳಿಸುವ ಯಂತ್ರ) ಹಾಕಿಸಿದರೆ ತೀರಿತು ಎನ್ನುವವರಿದ್ದಾರೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆಯೇ ಹೊರತು ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಕಾಫಿಗೆ ವಾಸಿ.

ಆಮೇಲೆ ಫಿಲ್ಟರ್. ತುಂಬಿದ ಮೂರು ಟೇಬಲ್ ಚಮಚ ಪುಡಿಗೆ 150 ಮಿಲಿ ನೀರು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಮೇಲಿನ ಒತ್ತುಬಿಲ್ಲೆಯನ್ನು ಬಲವಾಗಿ ಅದುಮಿದರೆ ಅಥವಾ ಪುಡಿ ತೀರಾ ನುಣುಪಾಗಿದ್ದರೆ ಹನಿ ಇಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತೂ ಪುಡಿಯಿಂದ ಕಹಿ ಇಳಿಯುತ್ತಲೇ ಇರುತ್ತದೆ. 15–20 ನಿಮಿಷದಲ್ಲಿ ಬಹುಪಾಲು ಇಳಿದಿರಬೇಕು. ಹುರಿತ ಕಪ್ಪಾದಷ್ಟೂ ಕಹಿ ಹೆಚ್ಚು. ರೊಬಸ್ಟಾ ಜಾತಿಯ ಬೀಜದ ಪಾಲು, ಚಿಕೋರಿ ಪಾಲು ಏರಿದರೂ ಹಾಗೆಯೇ. ಚಿಕೋರಿಯಲ್ಲಿ ಕೆಫೀನ್ ಇಲ್ಲದಿದ್ದರೂ ಹುರಿದ ಬೇರಿನ ಕಹಿ ಇದ್ದೇ ಇದೆ. ಅಂಗಡಿಯಲ್ಲಿ ಕಾಫಿ-ಚಿಕೋರಿ 70:30 ಕೇಳುವವರು ಒಮ್ಮೆ 85:15 ಹಾಕಿಸಿ ನೋಡಬಹುದು.

ಉಪ್ಪು ಬೇಕೋ ಬೇಡವೋ ತಿಳಿಯಲು ಒಂದು ಟೇಬಲ್ ಚಮಚ ಡಿಕಾಕ್ಷನ್‌ಗೆ ಮೂರು ಟೇಬಲ್ ಚಮಚ ಬಿಸಿನೀರು ಬೆರೆಸಿ, ಎರಡು ಲೋಟಕ್ಕೆ ಹಂಚಿ, ಒಂದಕ್ಕೆ ಮಾತ್ರ ಆ ಉಪ್ಪುನೀರಿನ ಸೀಸೆಯಿಂದ ಎರಡು ಹನಿ ಬಿಟ್ಟು ಕುಡಿದು ನೋಡಿ.