ಬಾರ್ಬಡೋಸನ್ನು ಎಷ್ಟು ಭಾಗ ಮಾಡೋಣ? ಪ್ರವಾಸ ಕೈಪಿಡಿ ಬರೆಯಲು ಕಲಿಯುವವರಿಗೆ ಒಂದು ಟಿಪ್ಪಣಿ

2024ರ ಜೂನ್ 29ರ ರಾತ್ರಿ ನಮ್ಮಲ್ಲಿ ಎಷ್ಟೋ ಜನ ಬಾರ್ಬಡೋಸ್ ದ್ವೀಪದ ರಾಜಧಾನಿ ಬ್ರಿಜ್‌ಟೌನ್ ಎಂಬ ಊರನ್ನು ಟಿವಿಯಲ್ಲಿ ಕಣ್ಣು ಮಿಟುಕಿಸದೆ ನೋಡಿದೆವು. ಅಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಿತು. ಕೋಚ್ ಆಗಿದ್ದ ನಮ್ಮ ರಾಹುಲ್ ದ್ರಾವಿಡ್ ಕಪ್ ಹಿಡಿದು ಕೂಗಿದ ಆ ಗಳಿಗೆಯನ್ನು ಮರೆಯೋಕಾಗುತ್ತಾ? ಮರುದಿನ ನಾನು ಬಾರ್ಬಡೋಸ್ ನಕ್ಷೆ ಹರಡಿಕೊಂಡು ಕೂತೆ. ಆಗಿನಿಂದ ಅದೇ ನನ್ನ ಅಭ್ಯಾಸದ ದ್ವೀಪ. ಕೈಪಿಡಿ ಬರೆಯುವವರು ಒಂದು ಜಾಗವನ್ನು ಹೇಗೆ ಭಾಗ ಮಾಡಬೇಕು ಎಂಬ ಪಾಠ ನನಗೆ ತಲೆಗೆ ಹತ್ತಿದ್ದು ಇಲ್ಲೇ.

ದ್ವೀಪ ಚಿಕ್ಕದು. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಇಷ್ಟಕ್ಕೆ ಭಾಗ ಯಾಕೆ, ಒಂದೇ ಅಧ್ಯಾಯ ಸಾಕಲ್ವಾ ಎಂದು ನೀವು ಕೇಳಬಹುದು. ಓದುಗರ ಮೊದಲ ಪ್ರಶ್ನೆಯನ್ನು ನೆನಪಿಸಿಕೊಳ್ಳಿ: "ಎಲ್ಲಿ ಉಳಿದುಕೊಳ್ಳಲಿ?" ಮಗು ಜೊತೆ ನೀರಿಗೆ ಇಳಿಯಬೇಕು ಅನ್ನುವವರು ಪೂರ್ವದ ಬಾತ್‌ಶೀಬಾದಲ್ಲಿ ರೂಮ್ ಮಾಡಿದರೆ ಅವರ ರಜೆಯೇ ಹಾಳು. ಅಲ್ಲಿನ ಅಲೆ ಅಂಥದ್ದು. ಅದನ್ನು ತಪ್ಪಿಸುವುದು ನಮ್ಮ ಕೆಲಸ.

ಮೊದಲ ಪ್ರಯತ್ನ: ಹನ್ನೊಂದು ಪ್ಯಾರಿಶ್

ಗೆರೆ ಎಳೆಯಲು ಕೂತವರು ಮೊದಲು ಕೈ ಹಾಕುವುದು ಸರ್ಕಾರಿ ಗಡಿಗಳಿಗೆ. ನಾನೂ ಹಾಗೇ ಮಾಡಿದೆ. ಬಾರ್ಬಡೋಸ್‌ನಲ್ಲಿ ಹನ್ನೊಂದು ಪ್ಯಾರಿಶ್‌ಗಳಿವೆ. ಪ್ಯಾರಿಶ್ ಅಂದರೆ ಮೂಲದಲ್ಲಿ ಒಂದು ಚರ್ಚಿನ ವ್ಯಾಪ್ತಿ. ಇಂಗ್ಲಿಷರು 1627ರಲ್ಲಿ ಇಲ್ಲಿ ನೆಲೆಯೂರಿದರು. 1629ರಲ್ಲಿ ಆರು ಪ್ಯಾರಿಶ್ ಮಾಡಿದರು, 1645ರ ಹೊತ್ತಿಗೆ ಅದು ಹನ್ನೊಂದಾಯಿತು. ಹತ್ತಕ್ಕೆ ಸಂತರ ಹೆಸರು, ಒಂದಕ್ಕೆ ಮಾತ್ರ ಕ್ರೈಸ್ಟ್ ಚರ್ಚ್ ಎಂದು. ಪ್ಯಾರಿಶ್ ಮಟ್ಟದ ಸ್ಥಳೀಯ ಆಡಳಿತ 1960ರ ದಶಕದಲ್ಲೇ ಹೋಯಿತು. ಆದರೆ ಹೆಸರುಗಳು ಗಟ್ಟಿಯಾಗಿ ಉಳಿದಿವೆ. ವಿಳಾಸದಲ್ಲಿ ಪ್ಯಾರಿಶ್ ಇರುತ್ತದೆ, ಜನರ ಮಾತಲ್ಲೂ ಇರುತ್ತದೆ.

ಹನ್ನೊಂದು ಪುಟ ತೆರೆದು ತುಂಬಲು ಹೊರಟೆ. ಕ್ರೈಸ್ಟ್ ಚರ್ಚ್ ಪುಟ ಉಕ್ಕಿ ಹರಿಯಿತು. ಹೋಟೆಲುಗಳ ಸಾಲು, ಸೇಂಟ್ ಲಾರೆನ್ಸ್ ಗ್ಯಾಪ್‌ನ ರಾತ್ರಿ ಬೀದಿ, ಆಯ್ಸ್ಟಿನ್ಸ್‌ನ ಶುಕ್ರವಾರದ ಮೀನೂಟ, ಮೇಲೆ ವಿಮಾನ ನಿಲ್ದಾಣ ಬೇರೆ. ಸೇಂಟ್ ಜೋಸೆಫ್ ಬರೀ 26 ಚದರ ಕಿಲೋಮೀಟರ್. ಅದರ ಪುಟದಲ್ಲಿ ಬಾತ್‌ಶೀಬಾ ಬರೆದ ಮೇಲೆ ಪೆನ್ನು ನಿಂತಿತು. ಸೇಂಟ್ ಜಾರ್ಜ್‌ಗೆ ಕಡಲೇ ಇಲ್ಲ, ಅಲ್ಲಿ ಯಾರನ್ನು ಉಳಿಸಲಿ? ಪ್ರವಾಸಿಗೆ ಹನ್ನೊಂದು ಹೆಸರು ನೆನಪಿಡುವ ಕಷ್ಟ, ಕೈಗೆ ಸಿಗುವುದು ಅರ್ಧ ಖಾಲಿ ಪುಟಗಳು. ಐದರಿಂದ ಒಂಬತ್ತು ಭಾಗ ಸಾಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಇಷ್ಟು ಚಿಕ್ಕ ದ್ವೀಪಕ್ಕೆ ನಾನು ಐದರ ಕಡೆಗೇ ವಾಲುತ್ತೇನೆ.

ಹಾಗಂತ ಸರ್ಕಾರಿ ಗೆರೆ ಯಾವಾಗಲೂ ತಪ್ಪು ಅಂತಲ್ಲ. ಸೇಂಟ್ ಮಾರ್ಟಿನ್ ನೋಡಿ. ಅದು ಕೆರಿಬಿಯನ್‌ನ ಇನ್ನೊಂದು ದ್ವೀಪ, ಸುಮಾರು 87 ಚದರ ಕಿಲೋಮೀಟರ್. 1648ರ ಒಪ್ಪಂದದಿಂದ ಉತ್ತರ ಫ್ರೆಂಚರಿಗೆ, ದಕ್ಷಿಣ ಡಚ್ಚರಿಗೆ ಹಂಚಿಹೋಯಿತು. ಗಡಿಯಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಆದರೂ ಗೆರೆ ದಾಟಿದರೆ ಪ್ರವಾಸಿಯ ದಿನವೇ ಬದಲಾಗುತ್ತದೆ. ಫ್ರೆಂಚ್ ಬದಿಯಲ್ಲಿ ಯೂರೋ, 220 ವೋಲ್ಟ್. ಡಚ್ ಬದಿಯಲ್ಲಿ ಬೇರೆ ಹಣ, 110 ವೋಲ್ಟ್. ಒಂದು ಬದಿಯಿಂದ ಇನ್ನೊಂದು ಬದಿಗೆ ಫೋನ್ ಮಾಡಿದರೆ ಅದು ವಿದೇಶಿ ಕರೆ. ಅಲ್ಲಿ ಕೈಪಿಡಿಯೂ ಎರಡು ಭಾಗವಾಗಲೇಬೇಕು. ಬಾರ್ಬಡೋಸ್‌ನಲ್ಲಿ ಸೇಂಟ್ ಜೇಮ್ಸ್ ದಾಟಿ ಸೇಂಟ್ ಪೀಟರ್‌ಗೆ ಹೋದರೆ ಏನೂ ಬದಲಾಗುವುದಿಲ್ಲ, ದಾಟಿದ್ದೇ ಗೊತ್ತಾಗುವುದಿಲ್ಲ. ಗೆರೆ ದಾಟಿದಾಗ ಪ್ರವಾಸಿಗೆ ಏನು ಬದಲಾಗುತ್ತದೆ? ಪ್ರತಿ ಗೆರೆಗೂ ಈ ಪ್ರಶ್ನೆ ಹಾಕಿ ನೋಡಿ.

ಬಾರ್ಬಡೋಸ್‌ನಲ್ಲಿ ಬದಲಾಗುವುದು ಕಡಲು

ಕೆರಿಬಿಯನ್ ದ್ವೀಪಗಳ ಸಾಲಿನಿಂದ ಬಾರ್ಬಡೋಸ್ ಪೂರ್ವಕ್ಕೆ ಸರಿದು, ಅಟ್ಲಾಂಟಿಕ್‌ನಲ್ಲಿ ಒಂಟಿಯಾಗಿ ನಿಂತಿದೆ. ಗಾಳಿ ವರ್ಷದ ಹೆಚ್ಚು ದಿನ ಪೂರ್ವದಿಂದ, ಈಶಾನ್ಯದಿಂದ ಬೀಸುತ್ತದೆ. ಆಫ್ರಿಕಾದಿಂದ ಇಲ್ಲಿಯವರೆಗೆ ಅಲೆಗೆ ಅಡ್ಡ ಬರುವ ನೆಲವೇ ಇಲ್ಲ. ಆದ್ದರಿಂದ ಪೂರ್ವದ ದಡಕ್ಕೆ ಅಲೆ ಪೂರ್ತಿ ಬಲದಿಂದ ಬಂದು ಬಡಿಯುತ್ತದೆ. ಬಾತ್‌ಶೀಬಾದ ಸೂಪ್ ಬೌಲ್ ಎಂಬಲ್ಲಿ ಸರ್ಫಿಂಗ್ ಮಾಡುವವರಿಗೆ ಹಬ್ಬ, ಈಜುವವರಿಗೆ ಅಪಾಯ. ಪಶ್ಚಿಮದ ದಡ ಗಾಳಿಗೆ ಮರೆ. ಅಲ್ಲಿ ನೀರು ಕೆರೆಯ ಹಾಗೆ ಶಾಂತವಾಗಿರುತ್ತದೆ. ದಕ್ಷಿಣ ಎರಡರ ನಡುವೆ: ಈಜಬಹುದು, ಅಲೆಯ ಆಟವೂ ಉಂಟು, ತುದಿಯ ಸಿಲ್ವರ್ ಸ್ಯಾಂಡ್ಸ್‌ನಲ್ಲಿ ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಜಾರುವವರಿದ್ದಾರೆ.

ನೆಲವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ದ್ವೀಪದ ಸುಮಾರು ಶೇಕಡಾ 85 ಭಾಗ ಹವಳದಿಂದಾದ ಸುಣ್ಣಕಲ್ಲು. ಪಶ್ಚಿಮದಿಂದ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಸುಮಾರು 340 ಮೀಟರ್ ಎತ್ತರದ ಮೌಂಟ್ ಹಿಲಬಿ ಮುಟ್ಟಿ, ಪೂರ್ವಕ್ಕೆ ಕಡಿದಾಗಿ ಇಳಿಯುತ್ತದೆ. ಈಶಾನ್ಯದಲ್ಲಿ ಸುಣ್ಣಕಲ್ಲು ಸವೆದುಹೋಗಿ ಕೆಳಗಿನ ಜೇಡಿಮಣ್ಣು, ಮರಳುಗಲ್ಲು ಎದ್ದು ಕಾಣುತ್ತದೆ. ಈ ಗುಡ್ಡಗಳ ಸೀಮೆಗೆ ಸ್ಕಾಟ್ಲೆಂಡ್ ಡಿಸ್ಟ್ರಿಕ್ಟ್ ಎಂದು ಹೆಸರು. ಪೂರ್ವ ಯಾಕೆ ಬೇರೆ ಭಾಗ ಎಂದು ಯಾರಾದರೂ ಕೇಳಿದರೆ ಈ ಮಣ್ಣನ್ನೇ ತೋರಿಸಿ.

ಕಡಲಿನ ನಂತರ ರಸ್ತೆ. ಬ್ರಿಜ್‌ಟೌನ್‌ನಿಂದ ಹೆದ್ದಾರಿಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಒಂದನೆಯದು ಪಶ್ಚಿಮ ದಡ ಹಿಡಿದು ಸ್ಪೈಟ್ಸ್‌ಟೌನ್ ಕಡೆಗೆ, ಏಳನೆಯದು ದಕ್ಷಿಣ ದಡ ಹಿಡಿದು ಆಯ್ಸ್ಟಿನ್ಸ್ ಕಡೆಗೆ. ಅಲ್ಲಿನ ಬಸ್ ನಿಲ್ದಾಣದ ಫಲಕಗಳು ನನಗೆ ತುಂಬಾ ಇಷ್ಟ. ಅವುಗಳಲ್ಲಿ ಎರಡೇ ಬಗೆ: "ಊರಿಗೆ", "ಊರಿಂದ ಆಚೆಗೆ". ಇಡೀ ದ್ವೀಪದ ಓಡಾಟ ಬ್ರಿಜ್‌ಟೌನ್ ಎಂಬ ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ ಎಂಬುದು ಆ ಫಲಕದಲ್ಲೇ ಗೊತ್ತಾಗುತ್ತದೆ. ಊರೊಳಗೂ ಬಸ್ಸುಗಳು ಹಾಗೇ ಹಂಚಿಕೊಂಡಿವೆ. ಪಶ್ಚಿಮ, ಉತ್ತರಕ್ಕೆ ಹೋಗುವವರು ಪ್ರಿನ್ಸೆಸ್ ಆಲಿಸ್ ನಿಲ್ದಾಣಕ್ಕೆ, ದಕ್ಷಿಣ, ಪೂರ್ವಕ್ಕೆ ಹೋಗುವವರು ಫೇರ್‌ಚೈಲ್ಡ್ ಸ್ಟ್ರೀಟ್‌ಗೆ. ಕೈಪಿಡಿಯ ಗೆರೆಗಳನ್ನು ದ್ವೀಪದವರೇ ಮೊದಲೇ ಎಳೆದಿಟ್ಟಿದ್ದಾರೆ ಅಂತ ನನಗೆ ಅನ್ನಿಸಿದ್ದು ಇದನ್ನು ತಿಳಿದಾಗ.

ನಾನು ಮಾಡಿದ ಐದು

ಬ್ರಿಜ್‌ಟೌನ್, ಪಶ್ಚಿಮ ಕರಾವಳಿ, ದಕ್ಷಿಣ ಕರಾವಳಿ, ಉತ್ತರ, ಕೊನೆಗೆ ಪೂರ್ವ ಮತ್ತು ಒಳನಾಡು ಸೇರಿ ಒಂದು. ಹೆಸರು ದಿಕ್ಕಿನದು, ಬೇಲಿ ಮಾತ್ರ ಪ್ಯಾರಿಶ್ ಗಡಿಯದು. ಬೇಲಿಗೆ ಪ್ಯಾರಿಶ್ ಯಾಕೆ? ಒಂದಿಷ್ಟು ನೆಲವೂ ಯಾರಿಗೂ ಸೇರದೆ ಉಳಿಯಬಾರದು, ಎರಡು ಕಡೆಗೂ ಸೇರಬಾರದು. ಸುಮ್ನೆ ಕೈಯಿಂದ ಗೆರೆ ಎಳೆದರೆ ನಡುವೆ ಸಂದು ಉಳಿಯುತ್ತದೆ. ವಿಳಾಸದಲ್ಲಿ ಪ್ಯಾರಿಶ್ ಇರುವುದರಿಂದ ಒಂದು ಹೋಟೆಲ್ ಯಾವ ಪುಟಕ್ಕೆ ಎಂದು ಅರೆ ನಿಮಿಷದಲ್ಲಿ ತಿಳಿಯುತ್ತದೆ. ಮೊದಲು ಕೈಬಿಟ್ಟ ಪ್ಯಾರಿಶ್‌ಗಳು ಹೀಗೆ ಬೇರೆ ಕೆಲಸಕ್ಕೆ ಬಂದವು.

ಪಶ್ಚಿಮಕ್ಕೆ ಸೇಂಟ್ ಜೇಮ್ಸ್. ಮೊದಲ ಇಂಗ್ಲಿಷ್ ನೆಲೆಯಾದ ಹೋಲ್‌ಟೌನ್ ಇರುವುದು ಅಲ್ಲೇ. ಈ ದಡಕ್ಕೆ ಪ್ಲಾಟಿನಂ ಕೋಸ್ಟ್ ಎಂಬ ಹೆಸರೂ ಓಡಾಡುತ್ತದೆ. ಅದು ವ್ಯಾಪಾರದವರ ಹೆಸರು, ಶೀರ್ಷಿಕೆಗೆ ಬೇಡ. ಪುಟದೊಳಗೆ ಒಂದು ಸಲ ಹೇಳಿದರೆ ಸಾಕು.

ಉತ್ತರಕ್ಕೆ ಸೇಂಟ್ ಲೂಸಿ, ಸೇಂಟ್ ಪೀಟರ್. ಇಲ್ಲಿ ನಾನು ತುಂಬಾ ಹೊತ್ತು ತಡವರಿಸಿದೆ. ಸೇಂಟ್ ಪೀಟರ್ ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೂ ಚಾಚಿದೆ. ಅದರ ಸ್ಪೈಟ್ಸ್‌ಟೌನ್ ಪೂರಾ ಪಶ್ಚಿಮದ ಊರು. ಆದರೆ ಸೇಂಟ್ ಲೂಸಿಯ ಆನಿಮಲ್ ಫ್ಲವರ್ ಗುಹೆ ನೋಡಲು ಹೊರಟವರು ಬಸ್ ಬದಲಿಸುವುದೋ, ಊಟ ಮಾಡುವುದೋ ಸ್ಪೈಟ್ಸ್‌ಟೌನ್‌ನಲ್ಲೇ. ಅದನ್ನು ಕಿತ್ತುಕೊಂಡರೆ ಉತ್ತರಕ್ಕೆ ಒಂದು ಪೇಟೆಯೇ ಉಳಿಯುವುದಿಲ್ಲ. ಪ್ರತಿ ಭಾಗಕ್ಕೂ ಊಟ ಸಿಗುವ, ತಂಗಲು ಆಗುವ ಒಂದು ಜಾಗ ಬೇಕು. ಹಾಗಾಗಿ ಸ್ಪೈಟ್ಸ್‌ಟೌನ್ ಉತ್ತರಕ್ಕೇ ಹೋಯಿತು.

ದಕ್ಷಿಣಕ್ಕೆ ಕ್ರೈಸ್ಟ್ ಚರ್ಚ್ ಜೊತೆ ಸೇಂಟ್ ಫಿಲಿಪ್. ಸೇಂಟ್ ಫಿಲಿಪ್‌ನ ಕ್ರೇನ್ ಬೀಚ್ ಅಟ್ಲಾಂಟಿಕ್‌ಗೆ ಮುಖ ಮಾಡಿದೆ, ಕಡಲಿನ ಲೆಕ್ಕದಲ್ಲಿ ಅದು ಪೂರ್ವ. ರಸ್ತೆಯ ಲೆಕ್ಕದಲ್ಲಿ ದಕ್ಷಿಣ, ವಿಮಾನ ನಿಲ್ದಾಣವೂ ಹತ್ತಿರ. ರಸ್ತೆಗೆ ಮಣಿದು ದಕ್ಷಿಣಕ್ಕೆ ಹಾಕಿದೆ, ಅಲೆಯ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲೇ ಬರೆದೆ.

ಬ್ರಿಜ್‌ಟೌನ್‌ಗೆ ಸೇಂಟ್ ಮೈಕಲ್. ಒಂದೇ ಕಡೆ ಬೇಲಿ ಸ್ವಲ್ಪ ಬಾಗಿಸಿದೆ. ಹಳೆಯ ಬ್ರಿಜ್‌ಟೌನ್ ಮತ್ತು ಅದರ ಗ್ಯಾರಿಸನ್, ಅಂದರೆ ಹಳೆಯ ಸೇನಾ ನೆಲೆ, 2011ರಲ್ಲಿ ಒಟ್ಟಾಗಿ ಯುನೆಸ್ಕೋ ಪಟ್ಟಿಗೆ ಸೇರಿದವು. ಗ್ಯಾರಿಸನ್ ಇರುವುದು ಸೇಂಟ್ ಮೈಕಲ್ ಮುಗಿಯುವ ಅಂಚಿನಲ್ಲಿ, ದಾಟಿದರೆ ಹೇಸ್ಟಿಂಗ್ಸ್‌ನ ಹೋಟೆಲುಗಳು. ಒಂದು ಪಾರಂಪರಿಕ ತಾಣವನ್ನು ಎರಡು ಪುಟಕ್ಕೆ ಸೀಳಬಾರದು. ಅದು ಇಡಿಯಾಗಿ ಬ್ರಿಜ್‌ಟೌನ್‌ಗೆ ಸೇರಲಿ. ಕೆನ್ಸಿಂಗ್ಟನ್ ಓವಲ್ ಕೂಡ ಇದೇ ಪುಟದಲ್ಲಿ. ಮ್ಯಾಚ್ ನೋಡಲು ಬರುವವರಿಗೆ ದಕ್ಷಿಣ ಕರಾವಳಿಯಲ್ಲಿ ರೂಮ್ ಹುಡುಕಿ ಎಂದು ಇಲ್ಲಿಂದಲೇ ದಾರಿ ತೋರಿಸಬೇಕು.

ಉಳಿದದ್ದು ಸೇಂಟ್ ಆಂಡ್ರೂ, ಸೇಂಟ್ ಜೋಸೆಫ್, ಸೇಂಟ್ ಜಾನ್ ಎಂಬ ಪೂರ್ವದ ಮೂರು, ಜೊತೆಗೆ ಕಡಲಿಲ್ಲದ ಸೇಂಟ್ ಥಾಮಸ್, ಸೇಂಟ್ ಜಾರ್ಜ್. ಒಳನಾಡಿನಲ್ಲಿ ಉಳಿಯುವವರು ಕಡಿಮೆ, ನೋಡುವುದು ಜಾಸ್ತಿ. ಹ್ಯಾರಿಸನ್ಸ್ ಗುಹೆಯಿದೆ, ವೆಲ್ಚ್‌ಮನ್ ಹಾಲ್ ಕಣಿವೆಯಿದೆ. ಇವುಗಳನ್ನು ನೋಡಿದವರು ಅದೇ ದಿನ ಬಾತ್‌ಶೀಬಾಗೆ ಇಳಿಯುವುದು ಸಲೀಸು. ಒಂದು ದಿನದ ತಿರುಗಾಟ ಒಂದೇ ಪುಟದಲ್ಲಿ ಸಿಗಲಿ ಎಂದು ಐದನ್ನೂ ಸೇರಿಸಿದೆ.

ಆದರೂ ಸೇಂಟ್ ಜಾರ್ಜ್‌ನ ಗನ್ ಹಿಲ್ ನನ್ನನ್ನು ಕಾಡಿತು. 1818ರಲ್ಲಿ ಕಟ್ಟಿದ ಸಂಕೇತ ಗೋಪುರ, ಕೆಳಗೆ 1868ರಲ್ಲಿ ಕಲ್ಲಿನಲ್ಲಿ ಕೆತ್ತಿದ ಬಿಳಿ ಸಿಂಹ. ದಕ್ಷಿಣ ಕರಾವಳಿಯಲ್ಲಿ ಉಳಿದವರೂ ಹೋಗಿ ನೋಡುವ ಜಾಗ ಅದು. ಎರಡು ಪುಟದಲ್ಲೂ ಬರೆದರೆ ಒಂದು ಕಡೆ ಸಮಯ ಬದಲಿಸಿ ಇನ್ನೊಂದು ಕಡೆ ಮರೆಯುತ್ತೇವೆ. ಹಾಗಾಗಿ ವಿವರ, ಸಮಯ, ಟಿಕೆಟ್ ಎಲ್ಲ ಒಳನಾಡಿನ ಪುಟದಲ್ಲಿಟ್ಟೆ. ದಕ್ಷಿಣದ ಪುಟದ ಕೊನೆಗೆ, ಹತ್ತಿರದಲ್ಲಿ ನೋಡಬಹುದಾದದ್ದು ಎಂದು ಒಂದು ಸಾಲು ಸೇರಿಸಿದೆ.