ಲೂಸಿಯಾನಾ ಮಾರಾಟದ ಹಿಂದಿನ ಸೊಳ್ಳೆ

1803ರ ಏಪ್ರಿಲ್ 11ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ತಾಲೆರಾಂ, ಅಮೆರಿಕದ ರಾಯಭಾರಿ ರಾಬರ್ಟ್ ಲಿವಿಂಗ್‌ಸ್ಟನ್‌ನನ್ನು ಒಂದು ಪ್ರಶ್ನೆ ಕೇಳಿದ. ಉತ್ತರ ಅಮೆರಿಕದ ನಡುವೆ, ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಫ್ರಾನ್ಸ್ ತನ್ನದೆನ್ನುತ್ತಿದ್ದ ವಿಶಾಲ ಪ್ರದೇಶ ಲೂಸಿಯಾನಾವನ್ನು ಇಡಿಯಾಗಿ ಬಿಟ್ಟುಕೊಟ್ಟರೆ ನೀವು ಎಷ್ಟು ಕೊಡುತ್ತೀರಿ? ಲಿವಿಂಗ್‌ಸ್ಟನ್ ಅಷ್ಟು ದಿನ ಬೆನ್ನುಬಿದ್ದಿದ್ದುದು ಮುಖ್ಯವಾಗಿ ಮಿಸಿಸಿಪ್ಪಿ ನದಿಯ ತುದಿಯ ಬಂದರು ನ್ಯೂ ಆರ್ಲಿಯನ್ಸ್‌ಗಾಗಿ. ಏಪ್ರಿಲ್ 30ರ ತಾರೀಕಿನ ಒಪ್ಪಂದದಲ್ಲಿ ಸುಮಾರು 21 ಲಕ್ಷ ಚದರ ಕಿಲೋಮೀಟರ್ ನೆಲ ಒಂದೂವರೆ ಕೋಟಿ ಡಾಲರಿಗೆ ಕೈಬದಲಾಯಿತು. ಎಕರೆಗೆ ಮೂರು ಸೆಂಟ್‌ಗೂ ಕಡಿಮೆ. ಬ್ರಿಟನ್ ಸ್ವಾತಂತ್ರ್ಯ ಒಪ್ಪಿ ಇಪ್ಪತ್ತೇ ವರ್ಷವಾಗಿದ್ದ ದೇಶದ ವಿಸ್ತೀರ್ಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಬ್ರಿಟನ್ನಿನೊಡನೆ ಯುದ್ಧ ಮತ್ತೆ ಹತ್ತಿರವಾಗಿತ್ತು, ನೆಪೋಲಿಯನ್‌ಗೆ ಹಣ ಬೇಕಿತ್ತು. ಇದು ನಿಜ. ಆದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಲೂಸಿಯಾನಾ ಅವನಿಗೆ ಬೇಕಾಗಿದ್ದುದೇ ಕೆರಿಬಿಯನ್ ಸಮುದ್ರದ ಸಾಂಡೊಮಾಂಗ್‌ಗಾಗಿ, ಅಂದರೆ ಇಂದಿನ ಹೈಟಿಗಾಗಿ. ಅಲ್ಲಿನ ಸಕ್ಕರೆ ತೋಟಗಳಿಗೆ ಧಾನ್ಯ, ಮರಮುಟ್ಟು ಇಲ್ಲಿಂದ ಹೋಗಬೇಕಿತ್ತು. 1791ರಲ್ಲಿ ಆ ತೋಟಗಳ ಗುಲಾಮರು ದಂಗೆಯೆದ್ದು ಬಿಡುಗಡೆ ಗಳಿಸಿಕೊಂಡಿದ್ದರು. ಅವರನ್ನು ಮತ್ತೆ ಬಗ್ಗಿಸಲು 1801ರ ಕೊನೆಯಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೆರ್‌ನನ್ನು ದೊಡ್ಡ ಸೇನೆಯೊಂದಿಗೆ ಕಳಿಸಿದ.

ಆ ಸೇನೆಗೆ ಎದುರಾದದ್ದು ಈಡಿಸ್ ಈಜಿಪ್ಟಿ ಎಂಬ ಸೊಳ್ಳೆ. ನಮ್ಮ ಊರುಗಳಲ್ಲಿ ಡೆಂಗಿ ಹರಡುವ ಅದೇ ಪಟ್ಟೆಕಾಲಿನ ಸೊಳ್ಳೆ. ಆಫ್ರಿಕಾದಿಂದ ಗುಲಾಮರನ್ನು ತುಂಬಿ ತಂದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಅದೂ ಸಾಗರ ದಾಟಿತ್ತು, ಜೊತೆಗೆ ಹಳದಿ ಜ್ವರದ ವೈರಸ್ ಕೂಡ. ಅದು ಮೊಟ್ಟೆಯಿಡುವುದು ಮನೆಯ ಹತ್ತಿರದ ಪಾತ್ರೆಗಳಲ್ಲಿ, ನಿಂತ ತಿಳಿನೀರಿನ ಅಂಚಿಗೆ. ನೀರು ಆರಿಹೋದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ಒಡೆಯುತ್ತದೆ. ಸಾಂಡೊಮಾಂಗ್‌ನ ಆಲೆಮನೆಗಳಲ್ಲಿ ಕಾಕಂಬಿ ಇಳಿಸಲು ಸಾಲುಸಾಲಾಗಿ ಮಣ್ಣಿನ ಮಡಕೆಗಳಿದ್ದವು. ಖಾಲಿ ಬಿದ್ದ ಮಡಕೆಯಲ್ಲಿ ಮಳೆನೀರು ನಿಂತರೆ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕೆ?

ಹಳದಿ ಜ್ವರ ಬಾಲ್ಯದಲ್ಲಿ ಬಂದರೆ ಹೆಚ್ಚಾಗಿ ಸೌಮ್ಯವಾಗಿ ಹಾದುಹೋಗುತ್ತದೆ. ಒಮ್ಮೆ ಬದುಕುಳಿದವರಿಗೆ ಜೀವನವಿಡೀ ರಕ್ಷಣೆ. ಹಾಗಾಗಿ ಆ ನೆಲದಲ್ಲಿ, ಅಥವಾ ಪಶ್ಚಿಮ ಆಫ್ರಿಕಾದಲ್ಲಿ, ಬೆಳೆದವರಲ್ಲಿ ಬಹುಪಾಲು ಜನ ಅದನ್ನು ದಾಟಿದ್ದರು. ಯೂರೋಪಿನಿಂದ ಬಂದಿಳಿದ ಯುವ ಸೈನಿಕನ ದೇಹಕ್ಕೆ ಅದರ ಪರಿಚಯವೇ ಇರಲಿಲ್ಲ. ಮೊದಲು ಜ್ವರ, ಬೆನ್ನುನೋವು. ಒಂದೆರಡು ದಿನ ವಾಸಿಯಾದಂತೆ ಅನಿಸುತ್ತದೆ. ಆಮೇಲೆ ಯಕೃತ್ತು ಸೋತು ಕಣ್ಣು ಹಳದಿಯಾಗಿ, ರಕ್ತ ಬೆರೆತ ಕಪ್ಪು ವಾಂತಿ. ಸೊಳ್ಳೆಯ ಪಾತ್ರ ಯಾರಿಗೂ ತಿಳಿದಿರಲಿಲ್ಲ, ಅದು ಸಾಬೀತಾದದ್ದು 1900ರಲ್ಲಿ. ಆದರೆ ಮಳೆಗಾಲ ಬಂದರೆ ಹೊರಗಿನವರು ಸಾಯುತ್ತಾರೆಂಬುದನ್ನು ದಂಗೆಯ ನಾಯಕ ತೂಸಾಂ ಲೂವೆರ್ಚೂರ್ ಚೆನ್ನಾಗಿ ಬಲ್ಲವನಾಗಿದ್ದ. ಮಳೆ ಬರುವವರೆಗೆ ಕಾಯುವುದು ಅವನ ಯುದ್ಧತಂತ್ರದ ಭಾಗವೇ ಆಗಿತ್ತು. ಸೊಳ್ಳೆಯೊಂದೇ ಗೆದ್ದಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಶತ್ರುವನ್ನು ಮಳೆಯತನಕ ಕಾದಾಡಿಸಿ ದಣಿಸಿದವರು ಮನುಷ್ಯರು.

1802ರ ನವೆಂಬರ್‌ನಲ್ಲಿ ಲೆಕ್ಲೆರ್ ಕೂಡ ಅದೇ ಜ್ವರಕ್ಕೆ ಬಲಿಯಾದ, ಮೂವತ್ತನೇ ವಯಸ್ಸಿಗೆ. ತೋಟಗಳೇ ಕೈತಪ್ಪಿದ ಮೇಲೆ ಅವಕ್ಕೆ ಧಾನ್ಯ ಕಳಿಸುವ ನೆಲ ನೆಪೋಲಿಯನ್‌ಗೇಕೆ?

ಇನ್ನೊಂದು ಮಾತು. ಮಾರಾಟವಾದ ಬಯಲಿನ ಬಹುಪಾಲು ಓಸೇಜ್, ಲಕೋಟಾ ಮೊದಲಾದ ಮೂಲನಿವಾಸಿ ಜನರ ಕೈಯಲ್ಲಿತ್ತು. ಫ್ರಾನ್ಸ್ ಮಾರಿದ್ದು ಆ ನೆಲದ ಮೇಲಿನ ತನ್ನ ಹಕ್ಕಿನ ಘೋಷಣೆಯನ್ನು ಮಾತ್ರ. ನೆಲಕ್ಕಾಗಿ ಅಮೆರಿಕ ಮುಂದೆ ದಶಕಗಳ ಕಾಲ ಒಪ್ಪಂದ, ಬಲವಂತ, ಯುದ್ಧ ಎಲ್ಲವನ್ನೂ ನಡೆಸಿತು.

ಹೈಟಿ 1804ರ ಜನವರಿ 1ರಂದು ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ಆ ಸ್ವಾತಂತ್ರ್ಯವನ್ನು ಮಾನ್ಯ ಮಾಡಲು 15 ಕೋಟಿ ಫ್ರಾಂಕ್ ಕೇಳಿತು. ಲೂಸಿಯಾನಾ ಇಡೀ ವ್ಯವಹಾರದ ಮೊತ್ತ 8 ಕೋಟಿ ಫ್ರಾಂಕ್.